ಕರಗಿದ ಮಾಲು

ಮೀನಿನ ಕೋಲ್ಡ್ ಸ್ಟೋರೇಜಿನಲ್ಲಿ ಮೇಸ್ತ್ರಮ್ಮನ ಕೈಯಿಂದ ಏಟು ತಿನ್ನದ ಗಂಡಸೇ ಇಲ್ಲ ಎಂದು ಒಂದು ಮಾತಿತ್ತು. ಅದು ಸ್ವಲ್ಪ ಉಪ್ಪುಖಾರ ಹಚ್ಚಿದ ಮಾತು. ಮಾಲೀಕನ ಮೇಲೆ ಅವಳು ಕೈ ಮಾಡಿರಲಿಲ್ಲ, ಬಾಯಿ ಮಾತ್ರ ಮಾಡಿದ್ದಳು. ಉಳಿದವರ ಮಟ್ಟಿಗೆ ಮಾತು ನಿಜವೇ.

ಅಲ್ಲಿ ಕೆಲಸಕ್ಕೆ ಇದ್ದದ್ದು ಒಂದೇ ಕಟ್ಟಳೆ. ಗಡ್ಡೆ ಕಟ್ಟಿದ ಮಾಲು ಗಡ್ಡೆಯಾಗಿಯೇ ಇರಬೇಕು. ಪೆಟ್ಟಿಗೆಯ ಮೇಲೆ ನೀರಿನ ಹನಿ ಕಂಡರೆ ಮಾಲು ಬೆವರಿತು ಎನ್ನುತ್ತಿದ್ದರು. ಬೆವರಿದ್ದನ್ನು ಕಂಡವನು ಯಾರನ್ನೂ ಕೇಳುವಂತಿಲ್ಲ, ಯಾರಿಗೂ ಹೇಳುತ್ತ ನಿಲ್ಲುವಂತಿಲ್ಲ. ಆ ಕ್ಷಣವೇ ಫ್ರೀಜರಿನ ಒಳಕ್ಕೆ ಎಸೆದು ಬಾಗಿಲು ಬಡಿಯಬೇಕು. ಅಷ್ಟರಲ್ಲಿ ಮಾಡಿದರೆ ಮಾಲು ಉಳಿಯಿತು, ತಡವಾದರೆ ಗಬ್ಬು. ತಲೆ ಕೆರೆಯುತ್ತ ನಿಂತವನ ತಲೆಗೆ ಮೇಸ್ತ್ರಮ್ಮನ ಏಟು ಬೀಳುತ್ತಿತ್ತು.

ಅವಳ ಅಳಿಯನೂ ಆ ಏಟು ತಿಂದೇ ಕೆಲಸ ಕಲಿತವನು. ಹೊರೆ ಹೊರಲು ಬಂದವನು, ಸಿಟ್ಟು ಬಂದರೆ ಹಿಂದುಮುಂದು ನೋಡದವನು. ಜನ ಅವನಿಗೆ ಬೆಂಕಿ ಎಂದೇ ಹೆಸರಿಟ್ಟಿದ್ದರು. ಐಸ್ ಮನೆಯಲ್ಲಿ ಬೆಂಕಿ ಸಾಕಿಕೊಂಡಿದ್ದೀವಿ ಎಂದು ನಗುತ್ತಿದ್ದರು. ತನ್ನ ಮಗಳ ಮೇಲೆ ಅವನು ಕಣ್ಣು ಹಾಕಿದ್ದಾನೆಂದು ತಿಳಿದ ದಿನ ಮೇಸ್ತ್ರಮ್ಮ ಮೀನಿನ ಕ್ರೇಟಿನಿಂದಲೇ ಅವನ ನೆತ್ತಿಗೆ ಬಾರಿಸಿದ್ದಳು. ಹಣೆಯ ರಕ್ತ ಒರೆಸಿಕೊಂಡು ಅವನು ಕೇಳಿದ್ದು ಇಷ್ಟೇ: ಅಂದರೆ ಒಪ್ಪಿಗೆಯೋ, ಇಲ್ಲವೋ? ಇಂಥವನು ಹೆಂಡತಿಯನ್ನು ಬಿಟ್ಟು ಓಡುವವನಲ್ಲ ಎಂದು ಲೆಕ್ಕ ಹಾಕಿ ಅವಳು ಹೆಣ್ಣು ಕೊಟ್ಟಳು. ಆ ಲೆಕ್ಕ ತಪ್ಪಲಿಲ್ಲ.

ಮೊದಲನೆಯದು ಗಂಡಾಯಿತು. ಹುಟ್ಟಿದಾಗ ಗುಂಡುಗುಂಡಗಿತ್ತು. ಆಮೇಲೆ ಕಾಲು ಆಡಿಸುವುದನ್ನು ಬಿಟ್ಟಿತು, ಕತ್ತು ನಿಲ್ಲಲಿಲ್ಲ, ಅಳು ಬೆಕ್ಕಿನ ಮರಿಯ ಅಳುವಷ್ಟಾಯಿತು, ಕೊನೆಗೆ ಉಸಿರೆಳೆಯುವುದಕ್ಕೂ ಮೈಯಲ್ಲಿ ಕಸುವು ಉಳಿಯಲಿಲ್ಲ. ಏಕೆ ಎಂದು ಯಾರೂ ಹೇಳಲಿಲ್ಲ. ಆಮೇಲೆ ಹುಟ್ಟಿದ್ದು ಹೆಣ್ಣು. ಒಂದು ದಿನ ಸ್ನಾನ ಮಾಡಿಸುತ್ತಿದ್ದ ಮೇಸ್ತ್ರಮ್ಮನ ಮಗಳು ಕೂಸಿನ ಎರಡೂ ಕಾಲು ನೀರಿನಲ್ಲಿ ಬಟ್ಟೆಯ ಹಾಗೆ ತೇಲುವುದನ್ನು ಕಂಡು, ಒದ್ದೆ ಮೈಯಲ್ಲೇ ಎತ್ತಿಕೊಂಡು ದೊಡ್ಡ ಆಸ್ಪತ್ರೆಗೆ ಓಡಿದಳು.

ಅಲ್ಲಿ ನರಗಳ ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿ ಕಾಯಿಲೆಗೆ ಹೆಸರು ಹೇಳಿದರು. ವಂಶದಲ್ಲಿ ಇಳಿದು ಬರುವ ಕಾಯಿಲೆ. ಅಷ್ಟು ಕೇಳಿದ್ದೇ ತಡ, ಅಳಿಯನ ಅಣ್ಣ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಎಲ್ಲರ ಮುಂದೆ, ಇದು ಹೆಣ್ಣಿನ ಕಡೆಯ ರಕ್ತದ ಕೊಳೆ ಎಂದುಬಿಟ್ಟ. ಅಳಿಯ ಎದ್ದು ಒಡಹುಟ್ಟಿದವನ ಬಾಯಿಗೆ ಹೊಡೆದ ಹೊಡೆತಕ್ಕೆ ಮುಂದಿನ ಹಲ್ಲು ಚಹಾದ ಲೋಟಕ್ಕೆ ಬಿತ್ತು. ಡಾಕ್ಟರಮ್ಮ ಆಮೇಲೆ ಎಲ್ಲರನ್ನೂ ಕೂರಿಸಿಕೊಂಡು ಹೇಳಿದರು: ತಪ್ಪು ಅರ್ಧ ತಾಯಿಯದು, ಅರ್ಧ ತಂದೆಯದು. ಅರ್ಧ ಇದ್ದವರಿಗೆ ಏನೂ ಆಗುವುದಿಲ್ಲ, ಇದೆ ಎಂದು ಗೊತ್ತೂ ಆಗುವುದಿಲ್ಲ. ಎರಡು ಅರ್ಧಗಳು ಒಂದೇ ಕೂಸಿನಲ್ಲಿ ಕೂಡಿದರೆ ಹೀಗಾಗುತ್ತದೆ. ಅಣ್ಣ ಬಾಯಿಗೆ ಕರವಸ್ತ್ರ ಒತ್ತಿಕೊಂಡು ಕೇಳಿಸಿಕೊಂಡ.

ಔಷಧ ಇತ್ತು. ಕೂಸಿನ ಮೈಯಲ್ಲಿ ಸ್ನಾಯುಗಳನ್ನು ಆಡಿಸುವ ನರಗಳು ಒಂದು ಜೀನ್ ಕೆಟ್ಟಿರುವುದರಿಂದ ಸಾಯುತ್ತಿವೆ. ಒಂದು ವೈರಸ್ಸಿನ ಒಳಗಿದ್ದದ್ದನ್ನು ತೆಗೆದುಹಾಕಿ, ಅದರ ಚಿಪ್ಪಿಗೆ ಒಳ್ಳೆಯ ಜೀನ್ ತುಂಬಿ ರಕ್ತಕ್ಕೆ ಬಿಡುತ್ತಾರೆ, ಅದು ನರಗಳಿಗೆ ಹೋಗಿ ಸೇರುತ್ತದೆ ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದರು. ಹಳೇ ಮಾಲು ಇಳಿಸಿ ಹೊಸ ಮಾಲು ಹೇರಿದ ಲಾರಿ ಅನ್ನಿ, ಎಂದಳು ಮೇಸ್ತ್ರಮ್ಮ.

"ಸರಿಯಾಗಿ ಹೇಳಿದ್ರಿ. ಆದ್ರೆ ಲಾರಿ ಬರೋದು ಒಂದೇ ಸಲ. ಮೈ ಅದರ ಗುರುತು ಹಿಡಿದಿಟ್ಟುಕೊಳ್ಳುತ್ತೆ. ಎರಡನೇ ಸಲ ಕಳಿಸಿದ್ರೆ ಬಾಗಿಲಲ್ಲೇ ಹೊಡೆದು ಹಾಕುತ್ತೆ. ಆಗಲೇ ಸತ್ತ ನರ ವಾಪಸ್ ಬರಲ್ಲ, ಉಳಿದಿರೋದನ್ನ ಉಳಿಸೋದಷ್ಟೇ. ಅದಕ್ಕೇ ತಡ ಮಾಡಬಾರದು."

ಒಂದೇ ಸಲ ಎಂಬ ಮಾತು ಅಳಿಯನ ತಲೆಯೊಳಗೆ ಮೊಳೆಯ ಹಾಗೆ ಕೂತುಬಿಟ್ಟಿತು. ಔಷಧವನ್ನು ಕೊಳ್ಳುವುದು ಇಂಥವರ ಕೈಲಾಗದ ಮಾತು. ಔಷಧದ ಕಂಪನಿಯವರು ಕೆಲವು ಮಕ್ಕಳಿಗೆ ಚೀಟಿ ಎತ್ತಿ ಪುಕ್ಕಟೆ ಕೊಡುತ್ತಾರೆ, ಕೂಸಿನ ಹೆಸರು ಬಂತು. ಔಷಧದ ಪೆಟ್ಟಿಗೆ ಬಂದ ದಿನ ಅತ್ತೆ ಅಳಿಯ ಇಬ್ಬರೂ ಆಸ್ಪತ್ರೆಯ ಹಿಂಬಾಗಿಲಲ್ಲಿ ಕಾದು ನಿಂತಿದ್ದರು. ಥರ್ಮೋಕೋಲಿನ ಮುಚ್ಚಳ ಸರಿಸಿದಾಗ ಒಳಗಿಂದ ಡ್ರೈ ಐಸಿನ ಬಿಳಿ ಹೊಗೆ ಮೇಲೆದ್ದಿತು. ಅಳಿಯ ಬಹಳ ದಿನಗಳ ಮೇಲೆ ನಕ್ಕ. ಡಾಕ್ಟರುಗಳು ಆಡುವ ಮಾತೆಲ್ಲ ಅವನಿಗೆ ಬೇರೆ ಲೋಕದ್ದು. ಆದರೆ ಗಡ್ಡೆ ಕಟ್ಟಿದ ಮಾಲು, ಹೊಗೆಯಾಡುವ ಐಸು, ಇದು ಅವನ ಲೋಕದ್ದೇ.

ಔಷಧ ಕೊಡುವ ದಿನ ಬೆಳಗ್ಗೆ ಮಗಳು ಕೂಸಿನ ಜೊತೆ ಮೇಲಿನ ವಾರ್ಡಿನಲ್ಲಿದ್ದಳು. ಅತ್ತೆ ಅಳಿಯ ನೆಲಮಾಳಿಗೆಗೆ ಇಳಿದು ಫಾರ್ಮಸಿಯ ಅರ್ಧ ಬಾಗಿಲಿನ ಮುಂದೆ ನಿಂತರು. ಅಲ್ಲಿದ್ದದ್ದು ತೆಳ್ಳಗಿನ, ದಪ್ಪ ಕನ್ನಡಕದ ಒಬ್ಬ ಮನುಷ್ಯ. ಔಷಧವನ್ನು ಅಳೆದು ಸಿರಿಂಜಿಗೆ ತುಂಬುವುದು ಅವನ ಕೆಲಸ. ಒಂದು ಸಲ ಕಣ್ಣಿಂದ ನೋಡಿಬಿಡ್ತೀನಿ ಸಾರ್ ಎಂದು ಅಳಿಯ ಹಲ್ಲು ಗಿಂಜಿದ. ತೋರಿಸುವ ನಿಯಮವಿಲ್ಲ. ಆದರೂ ಕನ್ನಡಕದವನಿಗೆ ಮನಸ್ಸು ಕರಗಿತು. ಫ್ರಿಜ್ಜಿನಿಂದ ಪೆಟ್ಟಿಗೆ ತಂದು ಮೇಜಿನ ಮೇಲಿಟ್ಟು, ಒಂದು ಪುಟ್ಟ ಸೀಸೆಯನ್ನು ಬೆಳಕಿಗೆ ಹಿಡಿದು ಮೆಲ್ಲಗೆ ಓರೆ ಮಾಡಿದ.

ಸೀಸೆಯೊಳಗೆ ನೀರು ಅಲುಗಿತು. ಪೆಟ್ಟಿಗೆಯ ಮೈಮೇಲೆ ಹನಿ ಹನಿಯಾಗಿ ಬೆವರು.

ಮೇಸ್ತ್ರಮ್ಮ ಅರ್ಧ ಬಾಗಿಲಿನ ಮೇಲೆ ಬಗ್ಗಿ ನೋಡಿದಳು. "ಕರಗಿದೆ ಕಣೋ," ಎಂದಳು.

ಯಾವಾಗ ಕರಗಿತು ಎಂದು ಅಳಿಯ ಕೇಳಿದ. ಅವನ ದನಿ ತಣ್ಣಗಿತ್ತು. ಕನ್ನಡಕದವನಿಗೆ ಆ ದನಿಯ ಗುರುತಿಲ್ಲ. ಈಗಷ್ಟೇ ಪೂರ್ತಿ ಕರಗಿದೆ, ನೋಡಿ ಎಷ್ಟು ತಿಳಿಯಾಗಿದೆ ಎಂದು ಹೆಮ್ಮೆಯಿಂದ ಹೇಳಿ ಸೀಸೆಯನ್ನು ಮತ್ತೆ ಪೆಟ್ಟಿಗೆಯಲ್ಲಿಟ್ಟ.

ಅಳಿಯ ಅರ್ಧ ಬಾಗಿಲನ್ನು ದಾಟಲಿಲ್ಲ, ಕೀಲು ಸಮೇತ ಕಿತ್ತುಕೊಂಡೇ ಒಳಗೆ ಹೋದ. ಮೊದಲ ಗುದ್ದಿಗೆ ಕನ್ನಡಕ ಮುರಿದು ಗಾಜು ಹುಬ್ಬಿಗೆ ನೆಟ್ಟಿತು. ಎರಡನೆಯದಕ್ಕೆ ಮೂಗಿನ ಮೂಳೆ ಮುರಿದ ಸದ್ದು ಬಾಗಿಲಲ್ಲಿದ್ದ ಮೇಸ್ತ್ರಮ್ಮನಿಗೂ ಕೇಳಿಸಿತು. ನನ್ನ ಕೂಸಿಗೆ ಕೊಳೆತದ್ದನ್ನ ಚುಚ್ತೀಯಾ ಎಂದು ಅಳಿಯ ಒಂದೇ ಸಮನೆ ಕೇಳುತ್ತಿದ್ದ. ಉತ್ತರಕ್ಕೆ ಕಾಯದೆ ಹೊಡೆಯುತ್ತಿದ್ದ. ಕೋಣೆಯ ಮೂಲೆಯಲ್ಲಿ ಆಳೆತ್ತರದ ಒಂದು ಫ್ರೀಜರು ನಿಂತಿತ್ತು. ಅದರ ನೆತ್ತಿಯ ಕೆಂಪು ಅಂಕಿಯನ್ನು ಅವನೂ ನೋಡಿದ, ಇವಳೂ ನೋಡಿದಳು. ತಮ್ಮ ಕೋಲ್ಡ್ ಸ್ಟೋರೇಜಿಗಿಂತ ತಣ್ಣಗಿನ ಅಂಕಿ.

"ಈಗಷ್ಟೇ ಬೆವರಿರೋದು, ಒಳಗೆ ಹಾಕು, ಬೇಗ," ಎಂದು ಮೇಸ್ತ್ರಮ್ಮನೇ ಕೂಗಿದಳು.

ಅಳಿಯ ಪೆಟ್ಟಿಗೆಗೆ ಕೈ ಹಾಕುವಷ್ಟರಲ್ಲಿ ನೆಲಕ್ಕೆ ಬಿದ್ದಿದ್ದ ಕನ್ನಡಕದವನು ಮೇಜಿನ ಕಾಲು ಹಿಡಿದು ಎದ್ದು, ಪೆಟ್ಟಿಗೆಯನ್ನು ಎದೆಗೆ ಅವಚಿಕೊಂಡು ಗೋಡೆ ಮೂಲೆಯಲ್ಲಿ ಉಂಡೆಯಾಗಿ ಕೂತುಬಿಟ್ಟ. ಬೆನ್ನು ಹೊರಗೆ, ಪೆಟ್ಟಿಗೆ ಒಳಗೆ. ಅಳಿಯ ಬೂಟುಗಾಲಿನಲ್ಲಿ ಆ ಬೆನ್ನಿಗೆ ಒದ್ದ, ಪಕ್ಕೆಗೆ ಒದ್ದ. ಒಂದೊಂದು ಒದೆಗೂ ಕನ್ನಡಕದವನ ಬಾಯಿಂದ ರಕ್ತದ ಜೊತೆ ಒಂದೊಂದು ಮಾತು ಬರುತ್ತಿತ್ತು. ಮತ್ತೆ ಗಡ್ಡೆ ಕಟ್ಟಿಸಬಾರದು. ಕಟ್ಟಿಸಿದರೆ ಹಾಳು. ಬೇರೆ ಇಲ್ಲ.

ಅಳಿಯನಿಗೆ ಅದು ಕೇಳಿಸಲಿಲ್ಲ. ಮೇಸ್ತ್ರಮ್ಮನಿಗೆ ಕೇಳಿಸಿತು, ಆದರೆ ಅವಳ ಕೈಕಾಲು ತಡೆದದ್ದು ಆ ಮಾತಲ್ಲ. ಮಾಲು ಕೆಡಿಸಿ ಸಿಕ್ಕಿಬಿದ್ದ ಗಂಡಸರನ್ನು ಅವಳು ಜೀವಮಾನವೆಲ್ಲ ಹೊಡೆದು ನೋಡಿದ್ದಳು. ಅವರು ಮುಖ ಮುಚ್ಚಿಕೊಳ್ಳುತ್ತಾರೆ, ದೇವರಾಣೆ ಹಾಕುತ್ತಾರೆ, ಇನ್ನೊಬ್ಬನ ಹೆಸರು ಹೇಳುತ್ತಾರೆ, ಸಂದು ಸಿಕ್ಕಿದರೆ ಓಡುತ್ತಾರೆ. ಕೆಟ್ಟ ಮಾಲನ್ನು ತಬ್ಬಿಕೊಂಡು ಒದೆ ತಿನ್ನುವವನನ್ನು ಅವಳು ಒಬ್ಬನನ್ನೂ ಕಂಡಿರಲಿಲ್ಲ. ಈ ಮನುಷ್ಯನ ಮುಖ ಜಜ್ಜಿ ಹೋಗುತ್ತಿದೆ, ಅದಕ್ಕೆ ಅಡ್ಡ ಹಿಡಿಯಲು ಅವನು ಒಂದು ಕೈಯನ್ನೂ ಪೆಟ್ಟಿಗೆಯಿಂದ ತೆಗೆಯುತ್ತಿಲ್ಲ. ಅಂದರೆ ಪೆಟ್ಟಿಗೆಯೊಳಗಿನ ಮಾಲು ಚೆನ್ನಾಗಿದೆ. ಅಂದರೆ ತಪ್ಪಿರುವುದು ತಾವು.

"ಬಿಡೋ ಅವನನ್ನ. ತಪ್ಪಾಯ್ತು, ಬಿಡು," ಎಂದಳು.

ಅಷ್ಟರಲ್ಲಿ ಅಳಿಯ ಅವನ ಬೆರಳುಗಳನ್ನು ಒಂದೊಂದಾಗಿ ಹಿಂದಕ್ಕೆ ಮಡಚಿ ಪೆಟ್ಟಿಗೆ ಕಿತ್ತುಕೊಂಡಾಗಿತ್ತು. ಬಲಗೈಯಲ್ಲಿ ಪೆಟ್ಟಿಗೆ ಎತ್ತಿ ಹಿಡಿದು, ಎಡಗೈಯಲ್ಲಿ ಫ್ರೀಜರಿನ ಬಾಗಿಲು ಎಳೆದು ತೆರೆದು, ಚೌಕಟ್ಟನ್ನು ಹಿಡಿದುಕೊಂಡು ಒಳಗೆ ಬಾಗಿದ. ತಣ್ಣನೆಯ ಹೊಗೆ ಅವನ ಮೊಣಕಾಲ ಮೇಲೆ ಸುರಿಯಿತು. ಮೇಸ್ತ್ರಮ್ಮ ಇನ್ನೊಂದು ಸಲ ಕೂಗಿ ಹೊತ್ತು ಕಳೆಯಲಿಲ್ಲ. ಓಡಿ ಬಂದು ತನ್ನ ಇಡೀ ಮೈಯನ್ನು ಬಾಗಿಲಿಗೆ ಕೊಟ್ಟಳು. ಬಾಗಿಲ ಅಂಚು ಅವನ ಭುಜಕ್ಕೆ ಬಡಿದು ಅವನನ್ನು ಹೊರಕ್ಕೆ ತಳ್ಳಿತು. ಎಡಗೈಯ ನಾಲ್ಕೂ ಬೆರಳು ಮಾತ್ರ ಚೌಕಟ್ಟಿನಲ್ಲೇ ಉಳಿದವು. ಹಸಿ ಕಡ್ಡಿ ಮುರಿದಂಥ ಸದ್ದು. ಅವಳು ಹಿಂದೆ ಸರಿದು, ಅವನು ಪೆಟ್ಟಿಗೆ ಇನ್ನೂ ಬಿಡಲಿಲ್ಲವೆಂದು ಇನ್ನೊಮ್ಮೆ ಬಡಿದಳು.

ಅವನ ಬಲಗೈ ಸಡಿಲವಾದದ್ದೇ ಪೆಟ್ಟಿಗೆಯನ್ನು ಕಿತ್ತು ಹೊಟ್ಟೆಗೆ ಒತ್ತಿಕೊಂಡು ಅವಳು ನೆಲಕ್ಕೆ ಕುಸಿದಳು. ಅಳಿಯ ಜಜ್ಜಿದ ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ತಿರುಗಿದ. ನೀವೂನಾ ಅತ್ತೆ ಎಂದ. ಆಮೇಲೆ ಮುಷ್ಟಿ ಬಿಗಿದು ಅವಳ ಬಾಯಿಗೆ ಗುದ್ದಿದ. ಹೆತ್ತ ತಾಯಿಯ ಎದುರು ದನಿ ಎತ್ತದವನು, ಇವಳಿಗೆ ಎದುರು ನಿಂತು ಸಿಗರೇಟು ಸೇದದವನು. ಅವಳ ತುಟಿ ಸೀಳಿತು, ಬಾಯಿ ತುಂಬ ಉಪ್ಪು. ಅವಳೂ ಬೆನ್ನು ತಿರುಗಿಸಿ, ಪೆಟ್ಟಿಗೆಯನ್ನು ಒಳಗೆ ಮಾಡಿಕೊಂಡು, ಉಂಡೆಯಾದಳು. ಕಾವಲುಗಾರರು ಲಾಠಿ ಹಿಡಿದು ನುಗ್ಗುವವರೆಗೆ ಅಳಿಯ ಆ ಬೆನ್ನಿಗೂ ಒದೆಯುತ್ತಲೇ ಇದ್ದ.

ಕನ್ನಡಕದವನು ಸ್ಟ್ರೆಚರು ಹತ್ತುವ ಮೊದಲು, ತೆರೆದಿದ್ದ ಒಂದೇ ಕಣ್ಣಿನಿಂದ ಒಂದೊಂದು ಸೀಸೆಯನ್ನೂ ನೋಡಿದ. ಒಡೆದಿರಲಿಲ್ಲ. ಫ್ರಿಜ್ಜಿಗೆ ಹಾಕಿ ಎಂದು ಕೈಯಲ್ಲೇ ತೋರಿಸಿದ. ಕರಗಿಸಿಯೇ ಕೊಡಬೇಕಾದ ಔಷಧವಂತೆ, ಕರಗಿದ ಮೇಲೆ ಅದು ಅಲ್ಲಿ ದಿನಗಟ್ಟಲೆ ಕೆಡದೆ ಇರುತ್ತದಂತೆ. ಮೇಸ್ತ್ರಮ್ಮ ಅವನ ಕಡೆ ಹೆಜ್ಜೆ ಇಟ್ಟಾಗ ಅವನು ಬೆಚ್ಚಿ ತೋಳಿನಿಂದ ಮುಖ ಮರೆಮಾಡಿಕೊಂಡ. ಅವಳು ಅಲ್ಲೇ ನಿಂತಳು.

ಇಷ್ಟಕ್ಕೇ ಮುಗಿಯಲಿಲ್ಲ. ಅಳಿಯನನ್ನು ಪೊಲೀಸರು ಒಯ್ದ ಸುದ್ದಿ ತಿಳಿದು ಅವನ ಅಣ್ಣ ಜನ ಕಟ್ಟಿಕೊಂಡು ಬಂದ. ಮುಂದಿನ ಹಲ್ಲಿಲ್ಲದ ಬಾಯಲ್ಲಿ, ಔಷಧ ಹಾಳು ಮಾಡಿದ್ದೂ ಅಲ್ಲದೆ ನನ್ನ ತಮ್ಮನ ಕೈ ಮುರಿದಿದ್ದಾರೆ ಎಂದು ಆಸ್ಪತ್ರೆಯ ಬಾಗಿಲಲ್ಲಿ ಅರಚಿದ. ಕಲ್ಲು ಬಿದ್ದವು. ಮುಂಬಾಗಿಲಿನ ಗಾಜು ಪುಡಿಯಾಗಿ ಒಬ್ಬ ನರ್ಸಿನ ಕೆನ್ನೆ ಕೊಯ್ದಿತು. ಸಂಜೆಯೊಳಗೆ ಫಾರ್ಮಸಿಯವರು, ನರ್ಸುಗಳು, ಲ್ಯಾಬಿನವರು ಎಲ್ಲರೂ ಕೆಲಸ ನಿಲ್ಲಿಸಿ ಅಂಗಳದಲ್ಲಿ ಕೂತರು. ಹೊಡೆದವರ ಮೇಲೆ ಕೇಸು ಆಗುವವರೆಗೆ ಏಳುವುದಿಲ್ಲ, ಆ ಮನೆಯ ಕೂಸಿಗಾಗಿ ಯಾರೂ ಸಿರಿಂಜು ಹಿಡಿಯುವುದಿಲ್ಲ ಎಂದರು.

ಡಾಕ್ಟರಮ್ಮ ವಾರ್ಡಿಗೆ ಬಂದು ಮೇಸ್ತ್ರಮ್ಮನಿಗೆ ಸುತ್ತಿ ಬಳಸದೆ ಹೇಳಿದರು. ಕಾವಲುಗಾರರು ನೋಡಿರುವುದು ಕೊನೆಯದನ್ನು ಮಾತ್ರ. ಮೊದಲಿನಿಂದ ನೋಡಿದವರು ಇಬ್ಬರೇ. ಒಬ್ಬನಿಗೆ ಬಾಯಿ ತೆರೆಯಲಾಗದಂತೆ ದವಡೆ ಕಟ್ಟಿದ್ದಾರೆ. ಉಳಿದವರು ನೀವು. ನೀವು ಪೊಲೀಸರ ಮುಂದೆ ನಡೆದದ್ದನ್ನು ಹೇಳಿದರೆ ಇವರು ಏಳುತ್ತಾರೆ. ಕೂಸಿನ ಉಸಿರು ನೆನ್ನೆಗಿಂತ ಇವತ್ತು ಮೇಲುಮೇಲಕ್ಕಿದೆ, ನಾನು ಕಾಯಬಲ್ಲೆ, ಅದು ಕಾಯುವುದಿಲ್ಲ.

ಕೂಸು ಹಾಸಿಗೆಯ ಮೇಲೆ ಕಪ್ಪೆಯ ಹಾಗೆ ಕಾಲು ಚೆಲ್ಲಿ ಮಲಗಿತ್ತು. ಉಸಿರೆಳೆದಾಗ ಎದೆ ಏಳುವ ಬದಲು ಒಳಕ್ಕೆ ಹೋಗುತ್ತಿತ್ತು, ಹೊಟ್ಟೆಯೊಂದೇ ಏಳುತ್ತಿತ್ತು. ಕಣ್ಣು ಮಾತ್ರ ಚುರುಕಾಗಿ ಅಜ್ಜಿಯ ಊದಿದ ಬಾಯಿಯನ್ನೇ ನೋಡುತ್ತಿತ್ತು. ಮೇಸ್ತ್ರಮ್ಮ ಮಗಳಿಗೆ ನಡೆದದ್ದನ್ನೆಲ್ಲ ಹೇಳಿದಳು, ತಾನು ಕೂಗಿದ್ದನ್ನೂ, ಬಾಗಿಲು ಬಡಿದದ್ದನ್ನೂ. ಮಗಳು ಅಳಲಿಲ್ಲ. ಕೂಸಿನ ಬಾಯಿಂದ ಇಳಿದ ಜೊಲ್ಲನ್ನು ಪೈಪಿನಿಂದ ಎಳೆದು ತೆಗೆಯುತ್ತ ಕೇಳಿದಳು:

"ಹೇಳಿದ್ರೆ ಅವರು ಜೈಲಿಗೆ ಹೋಗ್ತಾರಾ?"

"ಹೋಗ್ತಾನೆ."

"ಹೇಳಿದ್ರೆ ಇವಳಿಗೆ ಕೊಡ್ತಾರಾ?"

"ಕೊಡ್ತಾರಂತೆ."

"ಹಾಗಾದ್ರೆ ಇಲ್ಲಿ ಯಾಕೆ ಕೂತಿದ್ದೀಯಮ್ಮ?"

ಮೇಸ್ತ್ರಮ್ಮ ಠಾಣೆಗೆ ನಡೆದಳು. ಅಳಿಯನ ಅಣ್ಣ ಅಷ್ಟರಲ್ಲಿ ತನ್ನ ಜನರ ಜೊತೆ ಅಲ್ಲಿಗೂ ಬಂದು ಹೊರಗೆ ನಿಂತಿದ್ದ. ಒಳಗೆ ಅಳಿಯ ಬೆಂಚಿನ ಮೇಲೆ ಕೂತಿದ್ದ. ಕೈಗೆ ಬಟ್ಟೆ ಸುತ್ತಿದ್ದರು, ಬೆರಳುಗಳು ಬದನೆಕಾಯಿ ಬಣ್ಣಕ್ಕೆ ತಿರುಗಿದ್ದವು. ಔಷಧ ಹಾಳಾಯಿತಾ ಎಂದು ಅವನ ಮೊದಲ ಪ್ರಶ್ನೆ. ಇಲ್ಲ, ಹಾಳು ಮಾಡಲು ಹೊರಟಿದ್ದು ನೀನು, ಹಚ್ಚಿಕೊಟ್ಟವಳು ನಾನು, ಎಂದು ಅವಳು ಹೇಳಿದಳು. ಅವನು ಗೋಡೆಗೆ ತಲೆ ಚಚ್ಚಿಕೊಳ್ಳಲು ಶುರು ಮಾಡಿದ. ಇಬ್ಬರು ಪೇದೆಗಳು ಮೇಲೆ ಕೂತು ಹಿಡಿಯಬೇಕಾಯಿತು.

ಇನ್ಸ್‌ಪೆಕ್ಟರು ಒಳ್ಳೆಯ ಮನುಷ್ಯನೇ. ಅವಳ ಹೇಳಿಕೆಯ ನಡುವೆ ಪೆನ್ನು ಎತ್ತಿ ಹಿಡಿದು, ನೀವು ಕೂಗಿದ ಮಾತನ್ನು ಬಿಟ್ಟು ಬರೆದರೂ ಸಾಕು, ಇಲ್ಲದಿದ್ದರೆ ನಿಮ್ಮನ್ನೂ ಆರೋಪಿ ಮಾಡಬೇಕಾಗುತ್ತೆ ಎಂದ. ಅವಳು ಒಂದು ಗಳಿಗೆ ಯೋಚಿಸಿದಳು. ಅರ್ಧ ಬಿಟ್ಟು ಹೇಳಿದರೆ ಆ ಅರ್ಧವನ್ನು ಅಳಿಯನ ಅಣ್ಣ ಹಿಡಿದು ಎಳೆಯುತ್ತಾನೆ, ಮತ್ತೆ ಕಲ್ಲು ಬೀಳುತ್ತವೆ, ಮತ್ತೆ ಎಲ್ಲರೂ ಅಂಗಳದಲ್ಲಿ ಕೂರುತ್ತಾರೆ.

"ನಾನೇ ಕೂಗಿದ್ದು. ಅದನ್ನೇ ಮೊದಲು ಬರ್ಕೊಳ್ಳಿ. ಅವನ ಕೈ ಮುರಿದಿದ್ದೂ ನಾನೇ, ಆಸ್ಪತ್ರೆಯವರಲ್ಲ. ಅದನ್ನ ಹೊರಗೆ ನಿಂತಿರೋ ಅವರಣ್ಣನಿಗೆ ನಾನೇ ಹೇಳ್ತೀನಿ, ಬಾಗಿಲು ತೆಗೀರಿ."

ಹೊರಗೆ ಬಂದು ಜನರ ಮುಂದೆಯೇ ಹೇಳಿದಳು. ಅಣ್ಣ ಸುಳ್ಳು ಎಂದು ಅಬ್ಬರಿಸಿದ. ಅವಳು ಸೀಳಿದ ತುಟಿಯನ್ನು ಬೆರಳಿನಿಂದ ಮಡಚಿ ತೋರಿಸಿ, ಇದು ಯಾರ ಕೈಯದು ಅಂತ ನಿನ್ನ ಹಲ್ಲನ್ನೇ ಕೇಳು ಎಂದಳು. ಯಾರೋ ಹಿಂದಿನಿಂದ ನಕ್ಕರು. ಕೈಯಲ್ಲಿದ್ದ ಕಲ್ಲನ್ನು ಅಣ್ಣ ಕೆಳಗೆ ಬಿಟ್ಟ.

ಮಾರನೆಯ ಬೆಳಗ್ಗೆ ಅಂಗಳದಲ್ಲಿ ಕೂತಿದ್ದವರು ಎದ್ದರು. ಕನ್ನಡಕದವನ ಬದಲಿಗೆ ಬೇರೊಬ್ಬ ಹೆಂಗಸು ಔಷಧವನ್ನು ಸಿರಿಂಜಿಗೆ ತುಂಬಿ ಮೇಲೆ ಕಳಿಸಿದಳು. ಮೇಸ್ತ್ರಮ್ಮನತ್ತ ಅವಳು ಕಣ್ಣೆತ್ತಿಯೂ ನೋಡಲಿಲ್ಲ. ಕೂಸಿನ ಕೈಯ ಸಣ್ಣ ನಾಳಕ್ಕೆ ಸೂಜಿ ಹಾಕಿ, ಯಂತ್ರವೊಂದು ಸಿರಿಂಜನ್ನು ತಾಳ್ಮೆಯಿಂದ ತಳ್ಳಿತು. ಊಟ ಮುಗಿಸುವಷ್ಟು ಹೊತ್ತಿನಲ್ಲಿ ಎಲ್ಲ ಮುಗಿಯಿತು. ಇಷ್ಟೇನಾ ಎಂದಳು ಮಗಳು. ಇಷ್ಟೇ ಎಂದರು ಡಾಕ್ಟರಮ್ಮ.

ಆದರೆ ಇಷ್ಟೇ ಆಗಿರಲಿಲ್ಲ. ಆ ವಾರವೆಲ್ಲ ಕೂಸು ವಾಂತಿ ಮಾಡಿತು, ಜ್ವರ ಕಾಯಿತು. ಲಿವರಿಗೆ ಪೆಟ್ಟು ಬೀಳದಿರಲೆಂದು ದಿನಾ ಸ್ಟೆರಾಯ್ಡ್ ಕುಡಿಸಬೇಕು, ಮತ್ತೆಮತ್ತೆ ರಕ್ತ ತೆಗೆಸಬೇಕು. ಕೊಳೆಯಾದ ಬಟ್ಟೆ ಬದಲಿಸುವಾಗ ಕೈಗವಸು ಹಾಕಬೇಕು, ಹೊರಗಿನವರು ಹತ್ತಿರ ಬರಬಾರದು. ವಯಸ್ಸು ನೋಡಿ ಮೇಸ್ತ್ರಮ್ಮನನ್ನು ಜಾಮೀನಿನ ಮೇಲೆ ಬಿಟ್ಟರು. ಕೋಲ್ಡ್ ಸ್ಟೋರೇಜಿನಲ್ಲಿ ಅವಳ ಕೆಲಸ ಹೋಯಿತು. ಅಳಿಯ ಜೈಲಿನಲ್ಲೇ ಉಳಿದ. ಮಗಳು ಒಂದು ಸಲವೂ ಅವನನ್ನು ನೋಡಲು ಹೋಗಲಿಲ್ಲ, ಅವನ ಹೆಸರನ್ನೂ ಎತ್ತಲಿಲ್ಲ. ಕೂಸಿನ ಉಸಿರು ಇದ್ದಷ್ಟೇ ಇತ್ತು. ಕೆಟ್ಟದಾಗಲಿಲ್ಲ ಅಂದರೆ ಅದೇ ಒಳ್ಳೆಯದು ಎಂದು ಡಾಕ್ಟರಮ್ಮ ಹೇಳುತ್ತಿದ್ದರು. ಕೈಕಾಲು ಇಟ್ಟಲ್ಲೇ ಇರುತ್ತಿದ್ದವು, ಕತ್ತು ತಿರುಗಿಸಿದ ಕಡೆಗೇ ಇರುತ್ತಿತ್ತು.

ಜಾಮೀನು ಸಿಕ್ಕಿ ಅಳಿಯ ಬಂದದ್ದು ಒಂದು ಮಧ್ಯಾಹ್ನ. ಎಡಗೈಯ ಬೆರಳುಗಳು ಸೊಟ್ಟಗೆ ಕೂಡಿಕೊಂಡಿದ್ದವು. ಬಾಗಿಲಾಚೆಯೇ ನಿಂತ. ಮೊದಲು ಕೈ ತೊಳಿ ಎಂದಳು ಮೇಸ್ತ್ರಮ್ಮ. ಅವನು ಹೊರಗಿನ ನಲ್ಲಿಯಲ್ಲಿ ಸೋಪು ಹಚ್ಚಿ ಮೊಣಕೈವರೆಗೆ ತೊಳೆದುಕೊಂಡು ಬಂದು ಹೊಸ್ತಿಲ ಒಳಗೆ ಒಂದು ಕಾಲಿಟ್ಟ. ಅಡುಗೆಮನೆಯಿಂದ ಬಂದ ಮಗಳ ಕೈಯಲ್ಲಿ ಮರದ ಸೌಟಿತ್ತು. ಅವಳು ಸೌಟನ್ನು ಎತ್ತಿ ಅವನ ಭುಜಕ್ಕೆ ಹೊಡೆದಳು, ಬೆನ್ನಿಗೆ ಹೊಡೆದಳು, ತಲೆಗೆ ಹೊಡೆದಳು. ಅಷ್ಟು ದಿನ ಅಳದ ಅಳುವೆಲ್ಲ ಆ ತೋಳಿಗಿಳಿದಿತ್ತು. ಕಿವಿಯ ಮೇಲಿಂದ ರಕ್ತ ಇಳಿಯಿತು. ಅವನು ಮುರಿದ ಕೈಯನ್ನೂ ಅಡ್ಡ ಹಿಡಿಯಲಿಲ್ಲ, ಹಿಂದೆ ಸರಿಯಲೂ ಇಲ್ಲ. ಮೇಸ್ತ್ರಮ್ಮ ನಡುವೆ ಬರಲಿಲ್ಲ. ಇದು ಗಂಡ ಹೆಂಡಿರ ಬಾಕಿ, ತೀರಲಿ ಎಂದು ಗೋಡೆಗೊರಗಿ ನೋಡಿದಳು.

ಆಗ ಅವಳ ಕಣ್ಣು ಚಾಪೆಯ ಮೇಲೆ ಹೋಯಿತು. ಗೋಡೆ ಕಡೆ ಮುಖ ಮಾಡಿ ಮಲಗಿಸಿದ್ದ ಕೂಸು, ಸೌಟು ಬಿದ್ದ ಸದ್ದಿಗೆ ಕತ್ತನ್ನು ಅಲುಗಿಸಿತು. ಗಲ್ಲ ನಡುಗಿತು. ಸೌಟು ಇನ್ನೊಮ್ಮೆ ಬಿತ್ತು. ಕೂಸಿನ ತಲೆ ಕಷ್ಟಪಟ್ಟು, ತುಂಬಿದ ಚೀಲ ಉರುಳಿದ ಹಾಗೆ, ಚಾವಣಿಯ ಕಡೆಗೆ ಬಂತು, ಅಲ್ಲಿ ನಿಂತು ಸುಧಾರಿಸಿಕೊಂಡು ಬಾಗಿಲ ಕಡೆಗೆ ತಿರುಗಿತು. ಬಾಗಿಲಲ್ಲಿ ಏನು ನಡೆಯುತ್ತಿದೆ ಎಂದು ತಾನೂ ನೋಡಿತು.

ಮೇಸ್ತ್ರಮ್ಮ ಕೂಗಲಿಲ್ಲ, ಬೆರಳು ತೋರಿದಳು ಅಷ್ಟೇ. ಮಗಳ ಕೈ ಗಾಳಿಯಲ್ಲೇ ನಿಂತಿತು. ಮೂವರೂ ಉಸಿರು ಬಿಗಿಹಿಡಿದು ನೋಡಿದರು. ಮನೆಯಲ್ಲಿ ಸದ್ದಿಲ್ಲದಂತಾಯಿತು. ನೋಡಲು ಏನೂ ಇಲ್ಲವೆಂದು ಕೂಸಿನ ಕಣ್ಣು ಅತ್ತಿತ್ತ ಅಲೆಯತೊಡಗಿತು, ತಲೆ ಮತ್ತೆ ಗೋಡೆಯತ್ತ ಜಾರತೊಡಗಿತು.

"ನಿಲ್ಲಿಸಬೇಡ್ವೇ," ಎಂದಳು ಮೇಸ್ತ್ರಮ್ಮ. "ಇನ್ನೊಂದು ಹಾಕು."

ಅಳಿಯ ಕೂಸಿನಿಂದ ಕಣ್ಣು ಕೀಳದೆಯೇ, ಹೆಂಡತಿಗೆ ಬೆನ್ನು ಕೊಟ್ಟು ಬಾಗಿದ.